ಹ್ಯಾಂಬರ್ಗ್‌ನಿಂದ ನಾರ್ವಿಕ್‌ಗೆ ಒಬ್ಬಳೇ ರೈಲಿನಲ್ಲಿ ಹೋಗಬಹುದಾ?

ಪ್ರಶ್ನೆ: ನನಗೆ 61 ವರ್ಷ. ತುಮಕೂರಿನವಳು, ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಜೂನ್‌ನಲ್ಲಿ ಮಗನ ಮನೆಗೆ, ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗುತ್ತಿದ್ದೇನೆ. ಮಧ್ಯರಾತ್ರಿಯ ಸೂರ್ಯನ ಬಗ್ಗೆ ವರ್ಷಗಟ್ಟಲೆ ಮಕ್ಕಳಿಗೆ ಹೇಳಿದವಳು, ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ. ಮಗನಿಗೆ ರಜೆ ಇಲ್ಲ. ಹಾಗಾಗಿ ಒಬ್ಬಳೇ ರೈಲಿನಲ್ಲಿ ನಾರ್ವೆಯ ನಾರ್ವಿಕ್‌ವರೆಗೆ ಹೋಗಿ ಬರೋಣ ಅಂದುಕೊಂಡಿದ್ದೇನೆ. ಆ್ಯಪ್‌ನಲ್ಲಿ ನೋಡಿದರೆ ಬೆಳಿಗ್ಗೆ ಹ್ಯಾಂಬರ್ಗ್ ಬಿಟ್ಟು, ಕೋಪನ್‌ಹೇಗನ್ ಮತ್ತು ಸ್ಟಾಕ್‌ಹೋಮ್‌ನಲ್ಲಿ ರೈಲು ಬದಲಿಸಿದರೆ ಮರುದಿನ ಮಧ್ಯಾಹ್ನ ನಾರ್ವಿಕ್. ಒಂದು ರಾತ್ರಿ ಅಲ್ಲಿದ್ದು ಹಾಗೇ ವಾಪಸ್. ದುಡ್ಡು ಉಳಿಸಲು ರಾತ್ರಿ ರೈಲಿನಲ್ಲೂ ಸೀಟ್ ಟಿಕೆಟ್ ಸಾಕು ಅನ್ನಿಸುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎಷ್ಟೋ ಸಲ ದೆಹಲಿಗೆ ಹೋಗಿದ್ದೇನೆ. ಆದರೆ ಮಗ "ಅಮ್ಮಾ, ಸುಸ್ತಾಗಿ ಬಿದ್ದುಬಿಡ್ತೀಯ, ವಿಮಾನದಲ್ಲಿ ಹೋಗು" ಅಂತಾನೆ. ಯುರೋಪ್ ನೋಡಿ ಬಂದ ಗೆಳತಿ "ಅಲ್ಲಿನ ರೈಲು ಒಂದು ನಿಮಿಷ ಕೂಡ ತಡ ಆಗಲ್ಲ, ಧೈರ್ಯವಾಗಿ ಹೋಗು" ಅಂತಾಳೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಬಲ ಮೊಣಕಾಲು ಸ್ವಲ್ಪ ನೋವು. ನನ್ನ ವಯಸ್ಸಿಗೆ ಇದು ಅತಿಯಾಯಿತಾ? ಒಬ್ಬಂಟಿ ಹೆಂಗಸಿಗೆ ಸುರಕ್ಷಿತವಾ? ನಡುವೆ ರೈಲು ತಪ್ಪಿದರೆ ಏನು ಮಾಡಲಿ?

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಪ್ಲ್ಯಾನಿನಲ್ಲಿ ಬೇಡ.

ಯುರೋಪಿಗೆ ಹೋಗುವ ನಮ್ಮವರಿಗೆ ರೈಲು ಪ್ರಯಾಣದ ಪ್ಲ್ಯಾನ್ ಮಾಡಿಕೊಡುವುದು ನನ್ನ ಕಸುಬು. ಅರವತ್ತು ದಾಟಿದವರು ಒಬ್ಬರೇ ಹೊರಟರೆ ಮನೆಯವರು ಮೊದಲು ಎತ್ತುವುದು ವಯಸ್ಸಿನ ಮಾತು. ನಾನು ನೋಡಿದ ಮಟ್ಟಿಗೆ, ಹೈರಾಣಾಗಿ ಬಂದವರಲ್ಲಿ ಮೂವತ್ತರ ಹುಡುಗರು ಇದ್ದಾರೆ, ಆರಾಮಾಗಿ ಬಂದವರಲ್ಲಿ ಎಪ್ಪತ್ತರ ಅಜ್ಜಿಯರು ಇದ್ದಾರೆ. ಎಷ್ಟು ಸಲ ರೈಲು ಬದಲಿಸಿದರು, ರಾತ್ರಿ ಎಷ್ಟು ನಿದ್ದೆ ಆಯಿತು ಅನ್ನುವುದೇ ಅವರ ನಡುವಿನ ವ್ಯತ್ಯಾಸ. ಕಿಲೋಮೀಟರ್ ಲೆಕ್ಕ ಆಮೇಲಿನದು.

ಕರ್ನಾಟಕ ಎಕ್ಸ್‌ಪ್ರೆಸ್ ಮಾತು ತೆಗೆದಿದ್ದೀರಿ, ಒಳ್ಳೆಯದೇ ಆಯಿತು. ಬೆಂಗಳೂರಿನಿಂದ ದೆಹಲಿಗೆ ನಲವತ್ತು ಗಂಟೆಯ ಹತ್ತಿರ ಹಿಡಿಯುತ್ತದೆ. ನಿಮ್ಮ ನಾರ್ವಿಕ್ ಪ್ರಯಾಣ ಮೂವತ್ತು ಗಂಟೆಯ ಆಸುಪಾಸು. ಹಾಗಾದರೆ ಇದು ಸುಲಭ ಇರಬೇಕು, ಅಲ್ವಾ? ಆದರೆ ದೆಹಲಿ ರೈಲು ಹತ್ತಿದ ಮೇಲೆ ನಿಮಗೆ ಏನು ಕೆಲಸ ಇತ್ತು, ನೆನಪು ಮಾಡಿಕೊಳ್ಳಿ. ಬರ್ತ್ ನಿಮ್ಮದು. ಬ್ಯಾಗ್ ಸೀಟಿನ ಕೆಳಗೆ. ಕಾಫಿ, ಊಟ ಎಲ್ಲ ಇದ್ದಲ್ಲಿಗೇ ಬರುತ್ತದೆ. ಎದುರು ಸೀಟಿನವರ ಊರು, ಅವರ ಮಗಳ ಮದುವೆ ಎಲ್ಲ ಮಧ್ಯಾಹ್ನದೊಳಗೆ ಗೊತ್ತಾಗಿರುತ್ತದೆ. "ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ" ಅಂದು ಟಾಯ್ಲೆಟ್ಟಿಗೆ ಹೋಗಬಹುದು. ರೈಲು ನಾಲ್ಕು ಗಂಟೆ ತಡವಾದರೂ ನೀವು ಏನೂ ನಿರ್ಧಾರ ಮಾಡಬೇಕಿಲ್ಲ. ಮಲಗಿದರೆ ಆಯಿತು.

ಉತ್ತರ ಯುರೋಪಿನಲ್ಲಿ ಇದು ಯಾವುದೂ ಇಲ್ಲ. ಹ್ಯಾಂಬರ್ಗ್–ಕೋಪನ್‌ಹೇಗನ್ ಸುಮಾರು ಐದು ಗಂಟೆ, ಅಲ್ಲಿಂದ ಸ್ಟಾಕ್‌ಹೋಮ್‌ಗೆ ಐದೂವರೆ, ಅಲ್ಲಿಂದ ನಾರ್ವಿಕ್‌ಗೆ ಹದಿನೆಂಟು ಹತ್ತೊಂಬತ್ತು ಗಂಟೆ. ಪ್ರತಿ ಸಲ ಇಳಿದು, ಬೋರ್ಡ್ ಹುಡುಕಿ, ಪ್ಲಾಟ್‌ಫಾರಂ ಹುಡುಕಿ, ಬೋಗಿ ಹುಡುಕಬೇಕು. ಬ್ಯಾಗನ್ನು ನೀವೇ ಎತ್ತಬೇಕು, ಕೂಲಿಯವರು ಇಲ್ಲ. ಪಕ್ಕದವರು ಮಾತಾಡುವುದಿಲ್ಲ. ಅದು ಸೊಕ್ಕಲ್ಲ, ಅಲ್ಲಿನ ರೂಢಿ. ಕೆಲವು ಬೋಗಿಗಳಲ್ಲಂತೂ ಮಾತಾಡಲೇಬಾರದು ಅನ್ನುವ ನಿಶ್ಶಬ್ದ ವಿಭಾಗ ಇರುತ್ತದೆ. ಅಲ್ಲಿ ಕೂತು ಮಗನಿಗೆ ವಿಡಿಯೊ ಕಾಲ್ ಮಾಡಿದರೆ ಇಡೀ ಬೋಗಿ ತಿರುಗಿ ನೋಡುತ್ತದೆ. ಸೀಟ್ ಬುಕ್ ಮಾಡುವಾಗಲೇ ಅದನ್ನು ತಪ್ಪಿಸಿ.

ಹೀಗೆ ದಿನವಿಡೀ ಕಿವಿ ನೆಟ್ಟಗೆ ಮಾಡಿಕೊಂಡು ಕೂರುವುದೇ ದೊಡ್ಡ ದಣಿವು. ಗೊತ್ತಿಲ್ಲದ ಭಾಷೆಯಲ್ಲಿ ಪ್ರಕಟಣೆ ಬರುತ್ತದೆ. ಅದು ನಮಗಾ, ಬೇರೆ ರೈಲಿಗಾ? ಜೊತೆಯಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಕಣ್ಣು ಮುಚ್ಚಬಹುದು. ಒಬ್ಬರೇ ಇದ್ದರೆ ಆ ಬಿಡುವು ಸಿಗುವುದಿಲ್ಲ. ನನ್ನಿಂದ ಪ್ಲ್ಯಾನ್ ಮಾಡಿಸಿಕೊಂಡಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ದೊಡ್ಡ ನಿಲ್ದಾಣವೊಂದರಲ್ಲಿ ಬೆಂಚಿನ ಮೇಲೆ ಕೂತು ಅವಲಕ್ಕಿ ಡಬ್ಬಿ ತೆರೆದಿದ್ದರಂತೆ. ಏನೋ ಪ್ರಕಟಣೆ ಆಯಿತು. ಸುತ್ತಲಿನವರೆಲ್ಲ ಒಟ್ಟಿಗೆ ಎದ್ದು ಬ್ಯಾಗ್ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು. ಇವರು ಅದು ಬೇರೆ ಯಾವುದೋ ರೈಲಿನವರು ಅಂದುಕೊಂಡು ತಿನ್ನುತ್ತಾ ಕೂತರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಹಿಂತಿರುಗಿ ನೋಡಿ "ಕೋಪನ್‌ಹೇಗನ್?" ಅಂತ ಕೇಳಿ ಎದುರು ಪ್ಲಾಟ್‌ಫಾರಂ ಕಡೆ ಕೈ ತೋರಿಸಿದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಡಬ್ಬಿಯ ಮುಚ್ಚಳ, ಓಡಿ ಹತ್ತಿದರು. ರೈಲೇನೋ ಸಿಕ್ಕಿತು. ಆದರೆ ಮುಂದಿನ ಐದು ಗಂಟೆ ಅವರಿಗೆ ಎದೆ ಬಡಿತ ಇಳಿಯಲಿಲ್ಲ, ನಿದ್ದೆ ಹತ್ತಿರ ಸುಳಿಯಲಿಲ್ಲ.

ನಿಮ್ಮ ಗೆಳತಿಯ ಮಾತನ್ನು ಮಾತ್ರ ಪೂರ್ತಿ ಪಕ್ಕಕ್ಕಿಡಿ. ಜರ್ಮನಿಯ ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ಬಂದದ್ದು ಶೇ. 62.5. ಇದು ಅಲ್ಲಿನ ರೈಲ್ವೆ ಕಂಪನಿ ಡಾಯ್ಚ ಬಾನ್ ತಾನೇ ಕೊಟ್ಟ ಲೆಕ್ಕ. ಅದರಲ್ಲೂ ಆರು ನಿಮಿಷದೊಳಗಿನ ವಿಳಂಬವನ್ನು ಅವರು ವಿಳಂಬ ಅಂತ ಎಣಿಸುವುದೇ ಇಲ್ಲ. ರದ್ದಾದ ರೈಲು ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ರೈಲು ತಡ. ಸ್ವೀಡನ್, ನಾರ್ವೆಗಳಲ್ಲಿ ಚಳಿಗಾಲದಲ್ಲಿ ಹಿಮದ ಕಾಟ. ಬೇಸಿಗೆಯಲ್ಲಿ ಹಿಮ ಇಲ್ಲ ಅನ್ನುವ ಕಾರಣಕ್ಕೇ ಹಳಿ ದುರಸ್ತಿ ಇಟ್ಟುಕೊಳ್ಳುತ್ತಾರೆ. ಆಗ ರೈಲಿನ ಬದಲು ಬಸ್ ಓಡಿಸುತ್ತಾರೆ.

ನಿಮ್ಮ ದಾರಿಯ ಕೊನೆಯ ತುಂಡು ಇನ್ನೂ ಸೂಕ್ಷ್ಮ. ಉತ್ತರ ಸ್ವೀಡನ್ನಿನ ಕಿರುನಾದಿಂದ ನಾರ್ವಿಕ್‌ವರೆಗಿನದು ಒಂಟಿ ಹಳಿ. 1902ರ ಹೊತ್ತಿಗೆ ಪೂರ್ತಿಯಾದ ಈ ದಾರಿಯನ್ನು ಹಾಕಿದ್ದೇ ಕಿರುನಾದ ಗಣಿಯ ಕಬ್ಬಿಣದ ಅದಿರನ್ನು ನಾರ್ವಿಕ್ ಬಂದರಿಗೆ ಸಾಗಿಸಲು. ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರು ಅದು, ಬೆಚ್ಚಗಿನ ಸಾಗರ ಪ್ರವಾಹದ ಪಾಠ ನಿಮಗೆ ನಾನು ಹೇಳಬೇಕಿಲ್ಲ. ಇವತ್ತೂ ಆ ಹಳಿಯ ಮೇಲೆ ಸಾವಿರಾರು ಟನ್ ತೂಕದ ಅದಿರು ರೈಲುಗಳು ಓಡುತ್ತಿವೆ. 2023ರ ಡಿಸೆಂಬರ್‌ನಲ್ಲಿ ಅಂಥದೊಂದು ರೈಲು ಹಳಿ ತಪ್ಪಿ ದಾರಿ ಎರಡು ತಿಂಗಳು ಮುಚ್ಚಿತ್ತು. ತೆರೆದ ಕೆಲವೇ ದಿನಗಳಲ್ಲಿ ಇನ್ನೊಂದು ಹಳಿ ತಪ್ಪಿತು. ಹೆದರಿಸಲು ಹೇಳುತ್ತಿಲ್ಲ. ಪಕ್ಕದಲ್ಲೇ ಹೆದ್ದಾರಿ ಇದೆ, ಬಸ್ಸಿನಲ್ಲಿ ಹೋಗಬಹುದು. ಆದರೆ ಒಂದು ರೈಲಿಗೆ ಇನ್ನೊಂದನ್ನು ಪೋಣಿಸಿ, ನಡುವೆ ನಲವತ್ತು ನಿಮಿಷ ಬಿಟ್ಟು ಮಾಡಿದ ಪ್ಲ್ಯಾನು ಇಂಥ ಜಾಗದಲ್ಲಿ ನಿಲ್ಲುವುದಿಲ್ಲ.

ನಿಮ್ಮ ಆ್ಯಪ್ ತೋರಿಸಿದ್ದು ಅಂಥ ಪ್ಲ್ಯಾನನ್ನೇ. ಸ್ಟಾಕ್‌ಹೋಮ್‌ನಿಂದ ನಾರ್ವಿಕ್‌ಗೆ ನೇರ ರಾತ್ರಿ ರೈಲು ಸಾಮಾನ್ಯವಾಗಿ ದಿನಕ್ಕೆ ಒಂದೇ, ಸಂಜೆ ಹೊರಡುತ್ತದೆ. ಅದೇ ದಿನ ಬೆಳಿಗ್ಗೆ ಹ್ಯಾಂಬರ್ಗ್ ಬಿಟ್ಟವರು ಅದನ್ನು ಹಿಡಿಯಬೇಕಾದರೆ ನಡುವಿನ ಎರಡೂ ರೈಲು ಸಮಯಕ್ಕೆ ಸರಿಯಾಗಿ ಬರಬೇಕು. ತಪ್ಪಿದರೆ ಮುಂದಿನ ರೈಲು ಇಪ್ಪತ್ತನಾಲ್ಕು ಗಂಟೆಯ ನಂತರ. ಜೂನ್‌ನಲ್ಲಿ ಅದರಲ್ಲಿ ಬರ್ತ್ ಖಾಲಿ ಇರುತ್ತದೆ ಅನ್ನುವ ಭರವಸೆ ಇಲ್ಲ. ನಾನು ಪ್ಲ್ಯಾನ್ ಮಾಡುವಾಗ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ದಿನದ ಕೊನೆಯ ರೈಲಿಗೆ ಜೋಡಣೆ ಇದ್ದರೆ ಆ ಊರಿಗೆ ಹಿಂದಿನ ರಾತ್ರಿಯೇ ಹೋಗಿ ಮಲಗಬೇಕು. ಇದಕ್ಕೆ ಜಗಳ ಮಾಡಿದವರೂ ಇದ್ದಾರೆ, ಹೋಟೆಲ್ ದುಡ್ಡು ದಂಡ ಅಂತ. ಇರಲಿ.

ಈಗ ಸೀಟ್ ಟಿಕೆಟ್ ವಿಷಯ. ದಯವಿಟ್ಟು ಬೇಡ. ರಾತ್ರಿ ರೈಲಿನಲ್ಲಿ ಮೂರು ಬಗೆ. ಒಂದು, ಕೂರುವ ಸೀಟು. ಎರಡು, ಒಂದು ಕೋಣೆಯಲ್ಲಿ ಆರು ಹಲಗೆ ಇರುವ ಕುಷೆಟ್, ನಮ್ಮ ಸ್ಲೀಪರ್ ಕ್ಲಾಸಿಗೆ ಬಾಗಿಲು ಹಾಕಿದ ಹಾಗೆ. ಮೂರು, ಇಬ್ಬರು ಅಥವಾ ಮೂವರಿಗೆ ಹಾಸಿಗೆ, ಕೈತೊಳೆಯುವ ಬೇಸಿನ್ ಇರುವ ಸ್ಲೀಪರ್ ಕೋಣೆ. ಒಬ್ಬರೇ ಹೆಂಗಸರು ಹೋಗುವಾಗ ಹೆಂಗಸರ ಕೋಣೆಯೇ ಬೇಕು ಅಂತ ಬುಕಿಂಗ್‌ನಲ್ಲಿ ಕೇಳಬಹುದು. ಕೋಣೆಗೆ ಒಳಗಿನಿಂದ ಚಿಲಕ ಇರುತ್ತದೆ. ನಿಮ್ಮ ಮೊಣಕಾಲಿಗೆ ಕೆಳಗಿನ ಬರ್ತೇ ಬೇಕು. ಮೇಲಿನ ಬರ್ತಿಗೆ ಕಿರಿದಾದ ಏಣಿ ಹತ್ತಬೇಕು, ರಾತ್ರಿ ಎರಡು ಗಂಟೆಗೆ ರೈಲು ಓಲಾಡುವಾಗ ಅದರಿಂದ ಇಳಿಯುವುದು ನಿಮಗೆ ಬೇಡದ ಸಾಹಸ. ನಾನು ಕಂಡ ಪೆಟ್ಟುಗಳಲ್ಲಿ ಕಳ್ಳರಿಂದ ಆದದ್ದಕ್ಕಿಂತ ಏಣಿಯಿಂದ, ಬೋಗಿಯ ಮೆಟ್ಟಿಲಿನಿಂದ ಆದದ್ದೇ ಹೆಚ್ಚು.

ಸೀಟಿನಲ್ಲಿ ಕೂತು ರಾತ್ರಿ ಕಳೆದರೆ ದುಡ್ಡು ಉಳಿಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ನಾರ್ವಿಕ್‌ನಲ್ಲಿ ಇಳಿದ ದಿನ ಇಡೀ ಹೋಟೆಲ್ ಕೋಣೆಯಲ್ಲಿ ಮಲಗಿ ಕಳೆಯುತ್ತೀರಿ. ನಾರ್ವೆಯ ಹೋಟೆಲ್ ದರದಲ್ಲಿ ಅದು ದುಬಾರಿ ನಿದ್ದೆ.

ಇನ್ನೊಂದು ಕಾರಣ ಬೆಳಕು. ಭೂಗೋಳದ ಮೇಡಂಗೆ ಬೆಳಕಿನ ಪಾಠ ಹೇಳುವುದು ಅಧಿಕಪ್ರಸಂಗ, ಆದರೂ ಪುಸ್ತಕದಲ್ಲಿ ಓದುವುದಕ್ಕೂ ಮೈಗೆ ಅನುಭವ ಆಗುವುದಕ್ಕೂ ವ್ಯತ್ಯಾಸ ಇದೆ. ಜೂನ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲೇ ಸೂರ್ಯ ರಾತ್ರಿ ಹತ್ತರ ನಂತರ ಮುಳುಗಿ ಮೂರೂವರೆಗೆ ಮತ್ತೆ ಹುಟ್ಟುತ್ತಾನೆ. ರೈಲು ಉತ್ತರಕ್ಕೆ ಹೋದಂತೆ ಕತ್ತಲೆ ಅನ್ನುವುದೇ ಇರುವುದಿಲ್ಲ. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಮೆದುಳಿನಲ್ಲಿ ಏಳಬೇಕಾದರೆ ಕತ್ತಲೆ ಬೇಕು. ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ಮೈ ದಣಿದಿದ್ದರೂ ಮೆದುಳು ಎಚ್ಚರ. ಬರ್ತ್ ಇದ್ದರೆ ಪರದೆ ಎಳೆದು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಬಹುದು. ಸೀಟ್ ಬೋಗಿಯಲ್ಲಿ ಪಕ್ಕದವರು ಪರದೆ ತೆಗೆದು ಫೋಟೊ ತೆಗೆಯುತ್ತಿರುತ್ತಾರೆ. ಒಳ್ಳೆಯ ದಪ್ಪ ಬಟ್ಟೆಯ ಐ ಮಾಸ್ಕ್ ಒಂದನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗಿ. ನಿದ್ದೆ ಮಾತ್ರೆ ನುಂಗಿ ಮಲಗುವ ಯೋಚನೆ ಇದ್ದರೆ ಬಿಡಿ. ಒಬ್ಬರೇ ಇರುವಾಗ, ಮೊದಲ ಸಲ, ಓಡುವ ರೈಲಿನಲ್ಲಿ ಅದನ್ನು ಪ್ರಯೋಗ ಮಾಡಬಾರದು.

ಮೈಯ ವಿಷಯಕ್ಕೆ ಬಂದರೆ, ನಾನು ಡಾಕ್ಟರ್ ಅಲ್ಲ. ಬಿಪಿ ಹತೋಟಿಯಲ್ಲಿದೆಯಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಅವರ ಒಪ್ಪಿಗೆ ಇಲ್ಲದೆ ಹೊರಡಬೇಡಿ. ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನ ಮಾತ್ರ ಅಲ್ಲ, ರೈಲು, ಬಸ್ಸು, ಕಾರಿಗೂ ಇದೇ ಮಾತು. ಹಾಗಂತ ಗಾಬರಿ ಬೇಡ. ಎರಡು ಪಟ್ಟಾದ ಮೇಲೂ ಅದು ಆರು ಸಾವಿರದಲ್ಲಿ ಒಬ್ಬರಿಗೆ ಆಗುವಷ್ಟು. ರೈಲಿನಲ್ಲಿ ಎದ್ದು ಓಡಾಡಲು ಜಾಗ ಇದೆ, ಅದನ್ನು ಬಳಸಿಕೊಳ್ಳಿ. ಗಂಟೆಗೊಮ್ಮೆ ಬೋಗಿಯ ಆ ಕಡೆಯಿಂದ ಈ ಕಡೆಗೆ ನಡೆದರೆ ಮೊಣಕಾಲಿಗೂ ಒಳ್ಳೆಯದು. ಪ್ರಯಾಣದಲ್ಲಿ ಅಥವಾ ಮುಗಿದ ಮೇಲೆ ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ. ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ನಾರ್ವೆ ನಾಲ್ಕೂ ದೇಶಗಳಲ್ಲಿ ಅದು ನಡೆಯುತ್ತದೆ, ನಾರ್ವೆಯಲ್ಲಿ ಮಾತ್ರ ಆಂಬುಲೆನ್ಸ್‌ಗೆ ನೇರ ನಂಬರ್ 113.

ನಮ್ಮ ಹೆಂಗಸರು ಒಬ್ಬರೇ ಹೋಗುವಾಗ ಮಾಡುವ ಒಂದು ಕೆಲಸದ ಬಗ್ಗೆ ಬಿಡಿಸಿ ಹೇಳಲೇಬೇಕು. ನೀರು ಕುಡಿಯುವುದಿಲ್ಲ. ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು, ಹೋದರೆ ಬ್ಯಾಗ್ ಯಾರು ನೋಡುತ್ತಾರೆ? ಹಾಗಾಗಿ ಬೆಳಿಗ್ಗೆಯಿಂದ ಅರ್ಧ ಬಾಟಲಿಯಲ್ಲಿ ದಿನ ದೂಡುತ್ತಾರೆ. ಸಂಜೆಗೆ ತಲೆನೋವು, ಸಿಡಿಮಿಡಿ, ಕಾಲು ಸೆಳೆತ. "ವಯಸ್ಸಾಯ್ತು, ಪ್ರಯಾಣ ಆಗಲ್ಲ" ಅನ್ನುತ್ತಾರೆ. ವಯಸ್ಸಿನ ತಪ್ಪು ಅದರಲ್ಲಿ ಕಡಿಮೆ. ಪಾಸ್‌ಪೋರ್ಟ್, ಫೋನ್, ಕಾರ್ಡ್, ಮಾತ್ರೆ ಇಷ್ಟನ್ನು ಅಡ್ಡ ಹಾಕಿಕೊಳ್ಳುವ ಚಿಕ್ಕ ಚೀಲದಲ್ಲಿಟ್ಟು, ನಿದ್ದೆಯಲ್ಲೂ ಮೈಮೇಲೆ ಇರಲಿ. ದೊಡ್ಡ ಬ್ಯಾಗಿನಲ್ಲಿ ಬಟ್ಟೆ ಬಿಟ್ಟು ಬೇರೇನೂ ಇರಬಾರದು. ಅದನ್ನು ತೆಳು ಕೇಬಲ್ ಬೀಗದಿಂದ ಕಂಬಿಗೆ ಸಿಕ್ಕಿಸಿ, ನಿಶ್ಚಿಂತೆಯಿಂದ ಎದ್ದು ಹೋಗಿ. ಈ ದೇಶಗಳಲ್ಲಿ ನಲ್ಲಿ ನೀರು ಕುಡಿಯಬಹುದು, ಖಾಲಿ ಬಾಟಲಿಯನ್ನು ಸ್ಟೇಷನ್ನಿನಲ್ಲಿ ತುಂಬಿಸಿಕೊಳ್ಳಿ. ರೈಲಿನ ಟಾಯ್ಲೆಟ್ ನಲ್ಲಿಯ ನೀರು ಮಾತ್ರ ಬೇಡ.

ಸುರಕ್ಷತೆ ಬಗ್ಗೆ ಇಷ್ಟೇ. ಈ ದಾರಿಯಲ್ಲಿ ಒಬ್ಬಂಟಿ ಹೆಂಗಸರು ಓಡಾಡುವುದು ದಿನನಿತ್ಯದ ಮಾತು, ಯಾರೂ ತಿರುಗಿ ನೋಡುವುದಿಲ್ಲ. ಎಚ್ಚರ ಬೇಕಾದದ್ದು ಹ್ಯಾಂಬರ್ಗ್, ಕೋಪನ್‌ಹೇಗನ್, ಸ್ಟಾಕ್‌ಹೋಮ್‌ನ ದೊಡ್ಡ ಸ್ಟೇಷನ್‌ಗಳಲ್ಲಿ, ಅದರಲ್ಲೂ ಜನ ನುಗ್ಗಿ ರೈಲು ಹತ್ತುವ ಆ ಎರಡು ನಿಮಿಷ. ಜೇಬುಗಳ್ಳರ ಹೊತ್ತು ಅದು. ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ನಾಲ್ಕೂ ಷೆಂಗೆನ್ ದೇಶಗಳೇ, ಜರ್ಮನಿ ಕೊಟ್ಟ ವೀಸಾ ನಾರ್ವಿಕ್‌ವರೆಗೂ ನಡೆಯುತ್ತದೆ. ಆದರೂ ಡೆನ್ಮಾರ್ಕ್ ಗಡಿಯ ಪಾಡ್‌ಬೋರ್‌ನಲ್ಲಿ, ಸೇತುವೆ ದಾಟಿ ಸ್ವೀಡನ್ ಸೇರುವಾಗ ಹಿಲ್ಲಿಯೆ ಸ್ಟೇಷನ್ನಿನಲ್ಲಿ ಪೊಲೀಸರು ಒಳಗೆ ಬಂದು ನೋಡುವುದುಂಟು. ನಮ್ಮ ಮುಖ ನೋಡಿ ಕೇಳುತ್ತಾರೆ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಬೇಸರ ನ್ಯಾಯವೇ, ಆದರೆ ತೋರಿಸಿ ಮುಗಿಸಿದರೆ ಅರ್ಧ ನಿಮಿಷದ ಕೆಲಸ.

ಇನ್ನು ರೈಲು ತಪ್ಪಿದರೆ? ಇಲ್ಲಿ ಟಿಕೆಟ್ ಹೇಗೆ ಕೊಂಡಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಯುರೋಪಿಯನ್ ಒಕ್ಕೂಟದ ಹೊಸ ರೈಲು ಪ್ರಯಾಣಿಕರ ಕಾನೂನು 2023ರ ಜೂನ್‌ನಿಂದ ಜಾರಿಯಲ್ಲಿದೆ. ಇಡೀ ದಾರಿಗೆ ಒಂದೇ ಥ್ರೂ ಟಿಕೆಟ್ ಇದ್ದು, ಒಂದು ಗಂಟೆಗಿಂತ ಜಾಸ್ತಿ ತಡವಾಗುವ ಲಕ್ಷಣ ಇದ್ದರೆ ಬೇರೆ ರೈಲಿನಲ್ಲಿ ಕಳಿಸಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ರಾತ್ರಿ ಸಿಕ್ಕಿಹಾಕಿಕೊಂಡರೆ ಹೋಟೆಲ್ ವ್ಯವಸ್ಥೆ ಮಾಡಬೇಕು. 60 ನಿಮಿಷ ತಡಕ್ಕೆ ಟಿಕೆಟ್ ದರದ ಶೇ. 25, 120 ನಿಮಿಷಕ್ಕೆ ಶೇ. 50 ಪರಿಹಾರ. ಬಿರುಗಾಳಿಯಂಥ ಅಸಾಧಾರಣ ಕಾರಣ ಇದ್ದರೆ ಪರಿಹಾರ ಸಿಗದಿರಬಹುದು. ರೈಲು ಹೊರಡಬೇಕಿದ್ದ ಹೊತ್ತಿನಿಂದ 100 ನಿಮಿಷದೊಳಗೆ ಅವರು ಬೇರೆ ದಾರಿ ತೋರಿಸದಿದ್ದರೆ ನೀವೇ ಬೇರೆ ರೈಲು ಅಥವಾ ಬಸ್ ಟಿಕೆಟ್ ಕೊಂಡು, ಆಮೇಲೆ ಆ ಖರ್ಚು ಕೇಳಬಹುದು. ರಸೀದಿ ಬಿಸಾಡಬೇಡಿ.

ಆದರೆ ಅಗ್ಗ ಸಿಕ್ಕಿತು ಅಂತ ಮೂರು ಕಂಪನಿಗಳಿಂದ ಮೂರು ಬಿಡಿ ಟಿಕೆಟ್ ಕೊಂಡಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿತು ಅನ್ನಿ, ಎರಡನೆಯ ಕಂಪನಿಗೆ ಅದರ ಜವಾಬ್ದಾರಿ ಇಲ್ಲ. "ನಮ್ಮ ರೈಲು ಸಮಯಕ್ಕೇ ಹೋಯ್ತಲ್ಲ" ಅನ್ನುತ್ತಾರೆ. ಬಿಡಿ ಟಿಕೆಟ್ ಕೊಳ್ಳುವುದೇ ಆದರೆ ನಡುವೆ ಒಂದು ರಾತ್ರಿ ಬಿಡಿ. ಹಲವು ದೇಶಗಳ ರೈಲಿಗೆ ನಡೆಯುವ ಪಾಸ್ ಇನ್ನೊಂದು ದಾರಿ. ನೀವು ಭಾರತದಲ್ಲಿ ವಾಸ ಇರುವುದರಿಂದ ನಿಮಗೆ ಯೂರೇಲ್. ಇಂಟರ್‌ರೇಲ್ ಅನ್ನುವುದು ಯುರೋಪಿನಲ್ಲಿ ವಾಸ ಇರುವವರಿಗೆ, ನಿಮ್ಮ ಮಗ ತನಗೆ ಸಿಗುವುದನ್ನೇ ನಿಮಗೂ ಕೊಂಡುಬಿಟ್ಟರೆ ತೊಂದರೆ. ಪಾಸ್ ಇದ್ದರೆ ಹಗಲಿನ ರೈಲು ತಪ್ಪಿದಾಗ ಮುಂದಿನದಕ್ಕೆ ಹತ್ತುವುದು ಸುಲಭ. ಆದರೆ ಬರ್ತಿಗೂ, ಕೆಲವು ವೇಗದ ರೈಲುಗಳ ಸೀಟಿಗೂ ಪಾಸ್ ಮೇಲೆ ಬೇರೆ ದುಡ್ಡು ಕೊಟ್ಟು ಕಾದಿರಿಸಬೇಕು.

ಹಾಗಾದರೆ ಹೇಗೆ ಹೋಗುವುದು? ನಿಮಗೆ ನಾನು ಮಾಡಿಕೊಡುವುದಾದರೆ ಹೀಗೆ. ಮೊದಲ ದಿನ ಹ್ಯಾಂಬರ್ಗ್‌ನಿಂದ ಕೋಪನ್‌ಹೇಗನ್, ಅಷ್ಟೇ. 2019ರವರೆಗೆ ಈ ದಾರಿಯಲ್ಲಿ ರೈಲನ್ನೇ ಹಡಗಿಗೆ ಹತ್ತಿಸಿ ಸಮುದ್ರ ದಾಟಿಸುತ್ತಿದ್ದರು. ಈಗ ಸುತ್ತು ಹಾಕಿ, ಗ್ರೇಟ್ ಬೆಲ್ಟ್ ಅನ್ನುವ ಜಲಸಂಧಿಯನ್ನು ಸೇತುವೆ ಮತ್ತು ಸುರಂಗದಲ್ಲಿ ದಾಟುತ್ತಾರೆ. ಕೋಪನ್‌ಹೇಗನ್‌ನಲ್ಲಿ ಒಂದು ರಾತ್ರಿ. ಮರುದಿನ ನೇರ ರೈಲಿನಲ್ಲಿ ಸ್ಟಾಕ್‌ಹೋಮ್, ಅಲ್ಲೊಂದು ರಾತ್ರಿ. ಈ ದಾರಿಯ ವೇಗದ ರೈಲುಗಳಲ್ಲಿ ಕೆಲವು ತಿರುವಿನಲ್ಲಿ ಬೋಗಿಯನ್ನೇ ಒಂದು ಕಡೆಗೆ ವಾಲಿಸುತ್ತವೆ. ಘಾಟ್ ರಸ್ತೆಯಲ್ಲಿ ಹೊಟ್ಟೆ ತೊಳಸುವವರಾದರೆ ರೈಲು ಹೋಗುವ ದಿಕ್ಕಿಗೆ ಮುಖ ಮಾಡಿದ ಸೀಟು ಕೇಳಿ, ಪುಸ್ತಕ ಬದಿಗಿಡಿ. ಮೂರನೆಯ ದಿನ ಬೆಳಿಗ್ಗೆ ಊರು ನೋಡಿ, ಸಂಜೆ ರಾತ್ರಿ ರೈಲು ಹತ್ತಿ. ಅಷ್ಟು ಹೊತ್ತಿಗೆ ಎರಡು ರಾತ್ರಿ ಚೆನ್ನಾಗಿ ಮಲಗಿರುತ್ತೀರಿ, ಮೂರನೆಯ ರಾತ್ರಿ ನಿದ್ದೆ ಅರ್ಧಂಬರ್ಧ ಆದರೂ ಮೈ ತಡೆದುಕೊಳ್ಳುತ್ತದೆ.

ನಾರ್ವಿಕ್‌ನಲ್ಲಿ ಒಂದೇ ರಾತ್ರಿ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಅಷ್ಟು ದೂರ ಹೋಗಿ ಆ ರಾತ್ರಿ ಮೋಡ ಕವಿದರೆ? ನಾರ್ವಿಕ್ ಕರಾವಳಿ, ಮಳೆ ಮೋಡ ಜಾಸ್ತಿ. ಸುತ್ತ ಗುಡ್ಡ, ಊರೊಳಗೆ ನಿಂತರೆ ಸೂರ್ಯ ಗುಡ್ಡದ ಹಿಂದೆ ಹೋಗಬಹುದು, ಕೇಬಲ್ ಕಾರಿನಲ್ಲಿ ಮೇಲೆ ಹೋಗಬೇಕು. ಅದಕ್ಕಿಂತ ಸ್ವೀಡನ್ ಗಡಿಯೊಳಗಿನ ಅಬಿಸ್ಕೊದಲ್ಲಿ ಇಳಿಯಿರಿ, ಅದೇ ರೈಲು ಅಲ್ಲಿ ನಿಲ್ಲುತ್ತದೆ. ನಾರ್ವೆಯ ಗುಡ್ಡಗಳು ಮೋಡ ತಡೆಯುವುದರಿಂದ ಅದು ಮಳೆ ನೆರಳಿನ ಜಾಗ, ಸ್ವೀಡನ್ನಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಒಂದು. ನಮ್ಮ ಘಟ್ಟದ ಆಚೆ ಈಚೆ ಪಾಠ ಮಾಡಿದವರಿಗೆ ಇದು ಹೊಸದೇನಲ್ಲ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಅಲ್ಲಿ ಎರಡು ರಾತ್ರಿ ಇರಿ, ಆಮೇಲೆ ಹಗಲಿನಲ್ಲಿ ನಾರ್ವಿಕ್‌ಗೆ ಹೋಗಿ. ರೈಲು ಹೋಗುವ ದಿಕ್ಕಿಗೆ ಬಲಗಡೆ ಕೂತುಕೊಳ್ಳಿ. ಮೊದಲು ಟೋರ್ನೆ ಸರೋವರ, ಗಡಿ ದಾಟಿದ ಮೇಲೆ ಫಿಯೋರ್ಡ್ (ಗುಡ್ಡಗಳ ನಡುವೆ ಒಳಗೆ ಚಾಚಿದ ಸಮುದ್ರ), ಎರಡೂ ಆ ಕಡೆಗೇ. ಪರ್ವತದಿಂದ ಸಮುದ್ರಮಟ್ಟಕ್ಕೆ ರೈಲು ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಇಳಿದುಬಿಡುತ್ತದೆ.

ವಾಪಸ್ ಬರುವುದಕ್ಕೆ ನಿಮ್ಮ ಮಗನ ಮಾತು ಕೇಳಿ. ನಾರ್ವಿಕ್‌ನಿಂದ ಸುಮಾರು ಒಂದು ಗಂಟೆ ದೂರದ ಎವನೆಸ್ ವಿಮಾನ ನಿಲ್ದಾಣದಿಂದ ಓಸ್ಲೊಗೆ, ಅಲ್ಲಿಂದ ಹ್ಯಾಂಬರ್ಗ್‌ಗೆ. ಹೋಗುವಾಗ ಇರುವ ಹುರುಪು ಬರುವಾಗ ಇರುವುದಿಲ್ಲ. ಅದೇ ದಾರಿಯಲ್ಲಿ ಅದೇ ಮೂವತ್ತು ಗಂಟೆ ಹಿಂದಕ್ಕೆ ಬರುವಾಗಲೇ ಜನ ಫೋನು, ಜಾಕೆಟ್ಟು ಬಿಟ್ಟು ಇಳಿಯುವುದು. ವಿಮಾನದ ಟಿಕೆಟ್ ಬದಲಾಯಿಸಲು ಆಗುವಂಥದ್ದನ್ನು ಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಚಿಂತೆಯಿಲ್ಲ.

ವಿಮಾನ ಬೇಡವೇ ಬೇಡ ಅನ್ನುವ ಹಟ ಇದ್ದರೆ ನಾರ್ವೆಯ ಒಳಗಿಂದ ಇನ್ನೊಂದು ದಾರಿ ಇದೆ. ನಾರ್ವಿಕ್‌ನಿಂದ ದಕ್ಷಿಣಕ್ಕೆ ಹಳಿಯೇ ಇಲ್ಲ. ಬಸ್ಸಿನಲ್ಲಿ, ನಡುವೆ ಬಸ್ಸನ್ನೇ ಫೆರ್ರಿಗೆ ಹತ್ತಿಸಿಕೊಂಡು, ಬೂಡೊ ಅಥವಾ ಫೌಸ್ಕೆಗೆ ಬರಬೇಕು. ಬೂಡೊದಿಂದ ಟ್ರೋಂಡ್‌ಹೈಮ್‌ಗೆ 729 ಕಿಲೋಮೀಟರ್, ಸುಮಾರು ಹತ್ತು ಗಂಟೆ. ಅಲ್ಲಿಂದ ಓಸ್ಲೊಗೆ ಮತ್ತೆ ಏಳು ಗಂಟೆಯ ಹತ್ತಿರ. ತುಂಬಾ ಚೆನ್ನಾಗಿದೆ, ಆದರೆ ಇದಕ್ಕೆ ಇನ್ನೂ ಐದಾರು ದಿನ ಬೇಕು. ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಹ್ಯಾಂಬರ್ಗ್‌ನಿಂದ ಸ್ಟಾಕ್‌ಹೋಮ್‌ಗೂ ರಾತ್ರಿ ರೈಲುಗಳಿವೆ. ಸೀಸನ್ ನೋಡಿಕೊಂಡು ಓಡುತ್ತವೆ. ಒಂದರ ಮೇಲೊಂದು ಎರಡು ರಾತ್ರಿ ರೈಲಿನಲ್ಲೇ ಕಳೆಯುವುದು ಬೇಡ. ಅದರಲ್ಲಿ ಹೋದರೂ ಸ್ಟಾಕ್‌ಹೋಮ್‌ನಲ್ಲಿ ಒಂದು ರಾತ್ರಿ ನೆಲದ ಮೇಲಿನ ಹಾಸಿಗೆ ಇರಲಿ.

ಬ್ಯಾಗಿನ ತೂಕಕ್ಕೆ ಒಂದೇ ಪರೀಕ್ಷೆ. ತುಂಬಿದ ಬ್ಯಾಗನ್ನು ಎತ್ತಿಕೊಂಡು ಲಿಫ್ಟ್ ಇಲ್ಲದೆ ಎರಡು ಮಹಡಿ ಹತ್ತಿ. ಮೊಣಕಾಲು ಬೇಡ ಅಂದರೆ ಬಟ್ಟೆ ಕಡಿಮೆ ಮಾಡಿ. ಬೋರ್ಡುಗಳಲ್ಲಿ ಪ್ಲಾಟ್‌ಫಾರಂಗೆ ಜರ್ಮನಿಯಲ್ಲಿ ಗ್ಲೈಸ್, ಉಳಿದ ಕಡೆ ಸ್ಪೋರ್ ಅಂತಿರುತ್ತದೆ. ರೈಲಿನ ಹೆಸರಿನ ಪಕ್ಕ ಸ್ವೀಡನ್ನಿನಲ್ಲಿ ಇನ್‌ಸ್ಟೆಲ್ಟ್ ಅಂತ ಕಂಡರೆ ಅದು ರದ್ದು, ಸುಮ್ನೆ ಕಾಯುತ್ತಾ ಕೂರಬೇಡಿ. ಕೌಂಟರಿಗೆ ಹೋಗಿ ಇಂಗ್ಲಿಷಿನಲ್ಲಿ ಕೇಳಿ, ಧಾರಾಳವಾಗಿ ಮಾತಾಡುತ್ತಾರೆ.

ಊಟ ರೈಲಿನ ಕ್ಯಾಂಟೀನನ್ನು ನಂಬಿ ಹೋಗಬೇಡಿ, ಮುಚ್ಚಿರುವುದುಂಟು. ಸಸ್ಯಾಹಾರಿಯಾದರೆ ಹ್ಯಾಂಬರ್ಗ್‌ನಿಂದಲೇ ಚಪಾತಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ ಕಟ್ಟಿಕೊಳ್ಳಿ. ಇಲ್ಲಿಂದ ತುಪ್ಪದ ಡಬ್ಬಿ ಒಯ್ಯಬೇಡಿ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರಲು ಬಿಡುವುದಿಲ್ಲ. ದುಡ್ಡಿನ ವಿಷಯದಲ್ಲಿ, ಹ್ಯಾಂಬರ್ಗ್ ಬಿಟ್ಟ ಮೇಲೆ ಯೂರೊ ನಡೆಯುವುದಿಲ್ಲ, ಮೂರು ದೇಶಕ್ಕೆ ಮೂರು ಬಗೆಯ ಕ್ರೋನ. ನೋಟು ಬದಲಿಸುವ ಗೋಜಿಗೆ ಹೋಗದೆ ಎರಡು ಕಾರ್ಡ್ ಇಟ್ಟುಕೊಳ್ಳಿ, ಬೇರೆ ಬೇರೆ ಜಾಗದಲ್ಲಿ. ಸ್ವೀಡನ್ನಿನಲ್ಲಿ ಸ್ಟೇಷನ್ ಟಾಯ್ಲೆಟ್ಟಿಗೂ ಕಾರ್ಡೇ.

ಬುಕ್ ಮಾಡುವಾಗ ನೀವು ಹೊರಡುವ ಕಡೆಯಿಂದ ಶುರು ಮಾಡಬೇಡಿ. ಮೊದಲು ಸ್ಟಾಕ್‌ಹೋಮ್‌ನ ರಾತ್ರಿ ರೈಲಿನ ಹೆಂಗಸರ ಕೋಣೆಯ ಕೆಳಗಿನ ಬರ್ತ್ ಹಿಡಿಯಿರಿ, ಜೂನ್‌ನಲ್ಲಿ ಮೊದಲು ಖಾಲಿಯಾಗುವುದು ಅದೇ. ಅದು ಸಿಕ್ಕ ದಿನಾಂಕಕ್ಕೆ ಅಬಿಸ್ಕೊ ಕೋಣೆ ನೋಡಿ. ಎರಡೂ ಕೂಡಿಬಂದ ಮೇಲೆ ಉಳಿದ ಹಗಲಿನ ರೈಲು, ಹೋಟೆಲ್, ವಾಪಸ್ ವಿಮಾನ ಎಲ್ಲವನ್ನೂ ಆ ದಿನಕ್ಕೆ ಹೊಂದಿಸಿ. ಅದು ಸಿಗದಿದ್ದರೆ ಮೇಲಿನ ಬರ್ತಿಗೆ ಒಪ್ಪಿಕೊಳ್ಳುವ ಬದಲು ಪ್ರಯಾಣವನ್ನೇ ಒಂದು ವಾರ ಆಚೆ ಈಚೆ ಮಾಡಿ.